ವೈರಿಲ್ಲದ ಹ್ಯಾಂಡ್ ಬ್ಲೆಂಡರ್: ಎರಡು ವರ್ಷಕ್ಕೂ ಹೆಚ್ಚಿನ ಬಳಕೆಯ ನಂತರ

ವೈರಿಲ್ಲದ ಹ್ಯಾಂಡ್ ಬ್ಲೆಂಡರನ್ನು ಅಂಗಡಿಯವರು ಮಿಕ್ಸಿಗಳ ಸಾಲಿನಲ್ಲಿಟ್ಟು ಮಾರುತ್ತಾರೆ. ಕೊಳ್ಳುವವರೂ ಅದನ್ನು ಸಣ್ಣದೊಂದು ಮಿಕ್ಸಿ ಎಂದೇ ಭಾವಿಸಿ ಮನೆಗೆ ತರುತ್ತಾರೆ. ಈ ಉಪಕರಣದ ಬಗ್ಗೆ ಕೇಳಿಬರುವ ಅಸಮಾಧಾನದ ಬಹುಪಾಲು ಹುಟ್ಟುವುದು ಇಲ್ಲಿಯೇ. ನಮ್ಮ ಅಡುಗೆಮನೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಇದನ್ನು ಬಳಸಿದ ಮೇಲೆ ನನಗನ್ನಿಸಿರುವಂತೆ, ಇದನ್ನು ಮಿಕ್ಸಿಯ ಪಕ್ಕದಲ್ಲಿಟ್ಟು ಅಳೆಯುವುದಕ್ಕಿಂತ ಕಡೆಗೋಲಿನ ಪಕ್ಕದಲ್ಲಿಟ್ಟು ಅಳೆಯುವುದೇ ನ್ಯಾಯ. ನಮ್ಮಲ್ಲಿರುವುದು ಹಿಡಿಕೆಯೊಳಗೆ ಎರಡು ಲಿಥಿಯಂ-ಅಯಾನ್ ಸೆಲ್ಲುಗಳು, ಕಳಚಬಹುದಾದ ಸ್ಟೀಲ್ ದಂಡ, ತುದಿಯಲ್ಲಿ ಬ್ಲೇಡು, ಬದಲಿಯಾಗಿ ಸಿಕ್ಕಿಸಲು ತಂತಿಯ ಕಡೆಗೋಲಿನಂಥ ಭಾಗ, ಟೈಪ್-ಸಿ ಚಾರ್ಜಿಂಗ್ ಇರುವ ಸಾಧಾರಣ ಬೆಲೆಯ ಮಾದರಿ. ಕಂಪನಿಯ ಹೆಸರು ಇಲ್ಲಿ ಅಷ್ಟು ಮುಖ್ಯವಲ್ಲ. ಇದೇ ಗಾತ್ರದ ಮಾದರಿಗಳ ಮಿತಿಗಳು ಹೆಚ್ಚುಕಡಿಮೆ ಒಂದೇ ಬಗೆಯವು.

ಆ ಮಿತಿ ಏನೆಂಬುದು ಸಣ್ಣದೊಂದು ಲೆಕ್ಕದಿಂದ ತಿಳಿಯುತ್ತದೆ. ಇಂಥ ಉಪಕರಣಗಳಲ್ಲಿ ಹೆಚ್ಚಾಗಿ ಕಾಣುವ ಸೆಲ್ಲಿಗೆ 18650 ಎಂದು ಹೆಸರು; 18 ಮಿ.ಮೀ. ವ್ಯಾಸ, 65 ಮಿ.ಮೀ. ಉದ್ದವಿರುವುದರಿಂದ ಆ ಸಂಖ್ಯೆ ಬಂದಿದೆ. ಒಂದು ಸೆಲ್ಲಿನ ಸಾಮಾನ್ಯ ವೋಲ್ಟೇಜ್ ಸುಮಾರು 3.7, ಎರಡನ್ನು ಒಂದರ ಹಿಂದೊಂದು ಜೋಡಿಸಿದರೆ 7.4 ವೋಲ್ಟ್. ಸಾಮರ್ಥ್ಯ 2,000 ಮಿಲಿಆಂಪ್-ಅವರ್ ಎಂದಿಟ್ಟುಕೊಂಡರೆ ಹಿಡಿಕೆಯೊಳಗೆ ಕೂಡಿಟ್ಟ ಶಕ್ತಿ ಹೆಚ್ಚೆಂದರೆ 15 ವ್ಯಾಟ್-ಅವರ್ (ಒಂದು ವ್ಯಾಟ್-ಅವರ್ ಎಂದರೆ ಒಂದು ವ್ಯಾಟಿನ ಯಂತ್ರವನ್ನು ಒಂದು ಗಂಟೆ ನಡೆಸುವಷ್ಟು ಶಕ್ತಿ). ಮೋಟರು 100 ವ್ಯಾಟ್ ಎಳೆದರೆ ಇದು ಒಂಬತ್ತು ನಿಮಿಷಕ್ಕೆ ಬರಿದಾಗುತ್ತದೆ. ಅದೇ 500 ವ್ಯಾಟಿನ ಮಿಕ್ಸಿ ಪೂರ್ತಿ ಹೊರೆ ಹೊತ್ತು ಐದು ನಿಮಿಷ ತಿರುಗಿದರೂ 40 ವ್ಯಾಟ್-ಅವರಿಗಿಂತ ಹೆಚ್ಚು ವಿದ್ಯುತ್ ಬಳಸುತ್ತದೆ. ಹೀಗಿರುವಾಗ ನೆನೆಸಿದ ಉದ್ದಿನಬೇಳೆಯನ್ನೋ, ತೆಂಗಿನಕಾಯಿ ಮಸಾಲೆಯನ್ನೋ ಇದರಿಂದ ನುಣ್ಣಗೆ ಮಾಡಬಹುದೆಂಬ ನಿರೀಕ್ಷೆಯೇ ತಪ್ಪು. ಕಾಯಿಚಟ್ನಿಗೆ ಹಚ್ಚಿದರೆ ತುರಿ ತುರಿಯಾಗಿಯೇ ಉಳಿಯುತ್ತದೆ, ಹಿಡಿಕೆ ಬಿಸಿಯಾಗುತ್ತದೆ, ಸ್ವಲ್ಪ ಹೊತ್ತಿಗೆ ರಕ್ಷಣಾ ಸರ್ಕ್ಯೂಟು ಮೋಟರನ್ನು ನಿಲ್ಲಿಸುತ್ತದೆ.

ಬೆಂದು ಮೆತ್ತಗಾದದ್ದರ ಮೇಲೆ ಮಾತ್ರ ಇದರ ಕೆಲಸ ನಿಜಕ್ಕೂ ಚೆನ್ನ. ಮಸ್ಸೊಪ್ಪು ಇದಕ್ಕೆಂದೇ ಇರುವ ಅಡುಗೆಯೋ ಎನ್ನಿಸುತ್ತದೆ: ಸೊಪ್ಪು, ಬೇಳೆ, ಹಸಿಮೆಣಸಿನಕಾಯಿ, ಟೊಮ್ಯಾಟೊ ಬೆಂದ ಕುಕ್ಕರಿನಲ್ಲಿಯೇ ದಂಡವನ್ನು ಮುಳುಗಿಸಿ ಗುಂಡಿಯನ್ನು ನಾಲ್ಕೈದು ಸಲ ಒತ್ತಿ ಬಿಟ್ಟರೆ ಮುಗಿಯಿತು. ಒಂದೇ ಸಮನೆ ಒತ್ತಿ ಹಿಡಿಯಬಾರದು. ಹಿಡಿದರೆ ಸೊಪ್ಪಿನ ಎಳೆಯೇ ಉಳಿಯದೆ ಹಸಿರು ಗಂಜಿಯಾಗುತ್ತದೆ, ಹಿರಿಯರು ತಟ್ಟೆ ನೋಡಿ ಮುಖ ಸಿಂಡರಿಸುತ್ತಾರೆ. ಟೊಮ್ಯಾಟೊ ಸಾರಿಗೆ, ಕುಂಬಳಕಾಯಿ ಸೂಪಿಗೆ ಇದರ ಉಪಯೋಗ ಇನ್ನೂ ದೊಡ್ಡದು. ಬಿಸಿ ಪದಾರ್ಥವನ್ನು ಮಿಕ್ಸಿಯ ಜಾರಿಗೆ ಸುರಿದು ಮುಚ್ಚಳ ಹಾಕಿ ತಿರುಗಿಸಿದರೆ ಒಳಗಿನ ಆವಿ ಮುಚ್ಚಳವನ್ನು ಮೇಲಕ್ಕೆ ಎತ್ತಿ ಕೈಮೇಲೆ ಚಿಮ್ಮಬಹುದು, ಆದ್ದರಿಂದ ಆರುವವರೆಗೆ ಕಾಯಬೇಕು. ಇಲ್ಲಿ ಪಾತ್ರೆ ತೆರೆದೇ ಇರುವುದರಿಂದ ಆ ಕಾಯುವಿಕೆಯೂ ಇಲ್ಲ, ತೊಳೆಯಲು ಜಾರೂ ಇಲ್ಲ. ಬ್ಲೇಡು ಪೂರ್ತಿ ಮುಳುಗಿದ ಮೇಲೆಯೇ ಗುಂಡಿ ಒತ್ತುವುದು, ನಿಂತ ಮೇಲೆಯೇ ಮೇಲೆತ್ತುವುದು, ಇವೆರಡನ್ನು ಪಾಲಿಸಿದರೆ ಸಾಕು. ಅಗಲವಾದ ತಳದ ಬಾಣಲೆಗಿಂತ ಆಳವಾದ ಪಾತ್ರೆ ಒಳ್ಳೆಯದು. ನಾನ್‌ಸ್ಟಿಕ್ ಪಾತ್ರೆಯಲ್ಲಿ ಬಳಸದಿರುವುದೇ ಕ್ಷೇಮ.

ರಾಗಿ ಅಂಬಲಿಯ ಗಂಟು ಒಡೆಯುವುದು, ಗಟ್ಟಿ ಮೊಸರನ್ನು ಮಜ್ಜಿಗೆ ಮಾಡುವುದು, ಆಮ್ಲೆಟ್ಟಿಗೆ ಮೊಟ್ಟೆ ಕಲಕುವುದು, ಮಗುವಿಗೆ ಬೇಯಿಸಿದ ತರಕಾರಿ ಮೆದುಮಾಡುವುದು ಇತ್ಯಾದಿ ಅರ್ಧ ನಿಮಿಷದ ಕೆಲಸಗಳಲ್ಲಿ ಇದು ಎಂದೂ ನಿರಾಸೆಗೊಳಿಸಿಲ್ಲ. ಆದರೆ ಕೆನೆಮೊಸರಿನಿಂದ ಬೆಣ್ಣೆ ತೆಗೆಯಲು ಬ್ಲೇಡನ್ನು ಬಳಸಬಾರದು. ವೇಗಕ್ಕೆ ಮಿಶ್ರಣ ಬಿಸಿಯಾಗಿ ಬೆಣ್ಣೆ ಉಂಡೆಗಟ್ಟದೆ ಜಿಡ್ಡುಜಿಡ್ಡಾಗಿ ಹರಡಿಕೊಳ್ಳುತ್ತದೆ. ತಂತಿಯ ಭಾಗವನ್ನು ಸಿಕ್ಕಿಸಿ, ತಣ್ಣೀರು ಸೇರಿಸಿ, ಕಡಿಮೆ ವೇಗದಲ್ಲಿ ಕಡೆದರೆ ಬೆಣ್ಣೆ ಬರುತ್ತದೆ. ವಾರದ ಕೆನೆಯೆಲ್ಲ ಸೇರಿ ದೊಡ್ಡ ಪಾತ್ರೆಯಾದಾಗ ಮಾತ್ರ ಬ್ಯಾಟರಿ ಮಧ್ಯದಲ್ಲಿ ಕೈಕೊಡುತ್ತದೆ. ದಿನವೂ ಬೆಣ್ಣೆ ಕಡೆಯುವ ಮನೆಗೆ ಪಾತ್ರೆಯ ಮೇಲೆ ಕೂರಿಸುವ ಕರೆಂಟಿನ ಕಡೆಗೋಲೇ ಸರಿ. ಮಸಾಲೆ ದೋಸೆಯ ಆಲೂಗಡ್ಡೆಯ ಹತ್ತಿರವೂ ಇದನ್ನು ಸುಳಿಯಗೊಡಬಾರದು. ಬ್ಲೇಡು ಆಲೂಗಡ್ಡೆಯ ಪಿಷ್ಟವನ್ನು ಬಿಡಿಸಿ ಪಲ್ಯವನ್ನು ಅಂಟಿನಂತೆ ಮಾಡಿಬಿಡುತ್ತದೆ.

ವೈರ್ ಇಲ್ಲದಿರುವುದರ ನಿಜವಾದ ಲಾಭ ನನಗೆ ಕಂಡದ್ದು ಒಲೆಯ ಬಳಿಯಲ್ಲಿ. ನಮ್ಮ ಹಳೆಯ ಮನೆಗಳ ಅಡುಗೆಕಟ್ಟೆಗೆ ಒಂದೋ ಎರಡೋ ಪ್ಲಗ್ ಪಾಯಿಂಟುಗಳಿರುತ್ತವೆ. ಅವು ಮಿಕ್ಸಿಗೆ, ಫ್ರಿಜ್ಜಿಗೆ ಮೀಸಲು. ವೈರ್ ಇರುವ ಹ್ಯಾಂಡ್ ಬ್ಲೆಂಡರನ್ನು ಅಲ್ಲಿಂದ ಒಲೆಯವರೆಗೆ ಎಳೆದು ತಂದರೆ ವೈರು ಉರಿಯುವ ಬರ್ನರಿನ ಪಕ್ಕದಲ್ಲೇ ಹಾದುಹೋಗಬೇಕು. ಆ ಅಪಾಯ ಇಲ್ಲಿಲ್ಲ. ಮಳೆಗಾಲದಲ್ಲಿ ದಿನದ ಅರ್ಧ ಹೊತ್ತು ಕರೆಂಟ್ ಹೋಗುವ ಮಲೆನಾಡಿನ ಕಡೆಯವರಿಗೂ, ದೀಪ-ಫ್ಯಾನಿಗಷ್ಟೇ ಸಾಕಾಗುವ ಸಣ್ಣ ಇನ್ವರ್ಟರ್ ಇರುವವರಿಗೂ ಇದು ಆ ಹೊತ್ತಿನ ಅಡುಗೆ ನಿಲ್ಲದಂತೆ ನೋಡಿಕೊಳ್ಳುತ್ತದೆ, ಚಾರ್ಜ್ ಇದ್ದರೆ. ನಸುಕಿನಲ್ಲಿ ಮಿಕ್ಸಿಯ ಸದ್ದಿಗೆ ಇಡೀ ಮನೆ ಏಳುವುದೂ ತಪ್ಪುತ್ತದೆ.

ಕೈಗೆ ಬರುವ ತೊಂದರೆಗಳನ್ನು ಜಾಹೀರಾತುಗಳು ಹೇಳುವುದಿಲ್ಲ. ಸೆಲ್ಲುಗಳೂ ಮೋಟರೂ ಹಿಡಿಕೆಯಲ್ಲೇ ಇರುವುದರಿಂದ ಭಾರವೆಲ್ಲ ಮೇಲ್ಭಾಗದಲ್ಲಿ ಕೂತು ಮಣಿಕಟ್ಟನ್ನು ಎಳೆಯುತ್ತದೆ. ಸುರಕ್ಷತೆಗಾಗಿ ಒಂದು ಗುಂಡಿಯನ್ನು ಮೊದಲು ಒತ್ತಿ, ಇನ್ನೊಂದನ್ನು ಕೆಲಸ ಮುಗಿಯುವವರೆಗೆ ಒತ್ತಿಯೇ ಹಿಡಿದಿರಬೇಕಾದ ವ್ಯವಸ್ಥೆ ಒಳ್ಳೆಯದೇ ಆದರೂ, ಸಂಧಿವಾತ ಇರುವ ಹಿರಿಯರ ಬೆರಳಿಗೆ ಅದು ಶಿಕ್ಷೆ. ನಮ್ಮ ಅತ್ತೆಯವರು ಎರಡು ದಿನ ನೋಡಿ, "ಇದಕ್ಕಿಂತ ನನ್ನ ಮರದ ಕಡೆಗೋಲೇ ಹಗುರ" ಎಂದು ಹಳೆಯದಕ್ಕೇ ಮರಳಿದರು. ಹಿರಿಯರಿಗೆ ಉಡುಗೊರೆಯಾಗಿ ಕೊಡಬೇಕೆಂದಿರುವವರು ಮೊದಲು ಅವರ ಕೈಗೆ ಕೊಟ್ಟು ನೋಡುವುದು ಲೇಸು.

ಇದಕ್ಕಿಂತ ಗಂಭೀರವಾದ ಒಂದು ವಿಷಯವಿದೆ. ವೈರ್ ಇರುವ ಯಂತ್ರದ ಪ್ಲಗ್ ಕಿತ್ತರೆ ಅದು ಬರಿಯ ಲೋಹ. ಬ್ಯಾಟರಿಯ ಯಂತ್ರ ಮಾತ್ರ ಚಾರ್ಜ್ ಇರುವವರೆಗೆ ಸದಾ ಸಿದ್ಧವಾಗಿಯೇ ಇರುತ್ತದೆ. ಬ್ಲೇಡಿಗೆ ಸಿಕ್ಕಿಕೊಂಡ ಸೊಪ್ಪಿನ ನಾರನ್ನು ಬೆರಳಿನಿಂದ ಬಿಡಿಸುವಾಗ ಇನ್ನೊಂದು ಕೈ ಗುಂಡಿಯ ಮೇಲೆ ಬಿದ್ದರೆ ಆಗಬಹುದಾದದ್ದನ್ನು ವಿವರಿಸಬೇಕಾಗಿಲ್ಲ. ಏನೇ ಬಿಡಿಸುವುದಿದ್ದರೂ ದಂಡವನ್ನು ಹಿಡಿಕೆಯಿಂದ ಕಳಚಿದ ಮೇಲೆಯೇ ಬಿಡಿಸಬೇಕು; ಮಕ್ಕಳಿರುವ ಮನೆಯಲ್ಲಿ ಎರಡನ್ನೂ ಬೇರೆಬೇರೆ ಜಾಗದಲ್ಲಿಡಬೇಕು. ಎರಡು ಗುಂಡಿಗಳ ಲಾಕ್ ಇಲ್ಲದ ಮಾದರಿ ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ತೊಳೆಯುವುದು ಸುಲಭ. ಸೋಪುನೀರು ತುಂಬಿದ ಲೋಟದಲ್ಲಿ ಕೆಲವು ಕ್ಷಣ ತಿರುಗಿಸಿ, ದಂಡವನ್ನು ಕಳಚಿ ನಲ್ಲಿಯ ಕೆಳಗೆ ಹಿಡಿದರೆ ಆಯಿತು; ಹಿಡಿಕೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುವುದಷ್ಟೇ. ದಂಡದೊಳಗೆ ನೀರು ಉಳಿದರೆ ಕೆಟ್ಟ ವಾಸನೆ ಬರುತ್ತದೆ, ಹಾಗಾಗಿ ನೇತುಹಾಕಿ ಒಣಗಿಸುತ್ತೇವೆ.

ಇನ್ನು ಬ್ಯಾಟರಿಯ ಆಯುಷ್ಯ. ಮೊದಲ ವರ್ಷ ಒಮ್ಮೆ ಚಾರ್ಜ್ ಮಾಡಿದರೆ ವಾರದ ಸಣ್ಣಪುಟ್ಟ ಕೆಲಸಕ್ಕೆ ಸಾಕಾಗುತ್ತಿತ್ತು; ಈಗ ಮೂರು-ನಾಲ್ಕು ದಿನಕ್ಕೇ ಕೆಂಪು ದೀಪ ಹೊತ್ತಿಕೊಳ್ಳುತ್ತದೆ, ಚಾರ್ಜ್ ಅರ್ಧಕ್ಕಿಳಿದಾಗ ವೇಗ ತಗ್ಗುವುದೂ ಕಿವಿಗೇ ತಿಳಿಯುತ್ತದೆ. ಇದರಲ್ಲಿ ಆಶ್ಚರ್ಯವಿಲ್ಲ. 7.4 ವೋಲ್ಟಿನಲ್ಲಿ 100 ವ್ಯಾಟ್ ಬೇಕೆಂದರೆ 13 ಆಂಪಿಯರಿಗೂ ಮಿಕ್ಕಿದ ಪ್ರವಾಹ ಹರಿಯಬೇಕು. ಪುಟ್ಟ ಸೆಲ್ಲುಗಳಿಗೆ ಅದು ದೊಡ್ಡ ಹೊರೆ, ಹೊರೆಯಿಂದ ಬಿಸಿ, ಬಿಸಿಯಿಂದ ಸವಕಳಿ. ಸದಾ ಪೂರ್ತಿ ಚಾರ್ಜಿನಲ್ಲಿ ಇರುವುದೂ ಲಿಥಿಯಂ-ಅಯಾನ್ ಸೆಲ್ಲಿಗೆ ಹಿತವಲ್ಲ. ಒಲೆಯ ಪಕ್ಕದ ಗೂಡಿನಲ್ಲಿಟ್ಟು ದಿನವಿಡೀ ಚಾರ್ಜರಿಗೆ ಸಿಕ್ಕಿಸಿಡುವ ಅಭ್ಯಾಸ ಇವೆರಡು ಕೇಡನ್ನೂ ಒಟ್ಟಿಗೆ ತರುತ್ತದೆ. ಬಳಸಿದ ತಕ್ಷಣ ಹಿಡಿಕೆ ಬಿಸಿಯಿರುವಾಗ ಚಾರ್ಜಿಗೆ ಹಾಕದೆ ಸ್ವಲ್ಪ ಆರಿಸಿಯೇ ಹಾಕಬೇಕು. ಮಾಮೂಲಿ 10 ವ್ಯಾಟಿನ ಮೊಬೈಲ್ ಚಾರ್ಜರಿನಲ್ಲಿ ಪೂರ್ತಿ ತುಂಬಲು ಎರಡು ಗಂಟೆಯ ಮೇಲಾಗುತ್ತದೆ. ಚಾರ್ಜಿಗೆ ಹಾಕಿರುವಾಗ ನಮ್ಮ ಮಾದರಿ ತಿರುಗುವುದೇ ಇಲ್ಲ; ನೆಂಟರು ಬಂದ ದಿನವೇ ಬರಿದಾಗಿದ್ದರೆ ಕಾಯದೆ ಬೇರೆ ದಾರಿಯಿಲ್ಲ.

ಬ್ಯಾಟರಿ ಬದಲಿಸಿಕೊಡುವಿರಾ ಎಂದು ಸರ್ವಿಸ್ ಸೆಂಟರಿನಲ್ಲಿ ವಿಚಾರಿಸಿದಾಗ, ಬಿಡಿ ಬ್ಯಾಟರಿ ಬರುವುದಿಲ್ಲ, ಹಿಡಿಕೆಯನ್ನೇ ಪೂರ್ತಿ ಬದಲಿಸಬೇಕು ಎಂಬ ಉತ್ತರ ಬಂತು. ಅದಕ್ಕೆ ಹೇಳಿದ ಬೆಲೆ ಹೊಸದರ ಬೆಲೆಯ ಅರ್ಧಕ್ಕಿಂತ ಹೆಚ್ಚಿತ್ತು. ಮೋಟರು, ಬ್ಲೇಡು, ದಂಡ ಎಲ್ಲವೂ ಚೆನ್ನಾಗಿರುವಾಗ ಎರಡು ಸೆಲ್ಲುಗಳಿಗಾಗಿ ಇಡೀ ಯಂತ್ರವನ್ನು ಎಸೆಯಬೇಕಾದ ಈ ಏರ್ಪಾಡೇ ನನ್ನ ದೃಷ್ಟಿಯಲ್ಲಿ ಇದರ ಅತಿ ದೊಡ್ಡ ಕೊರತೆ. ಹೊರಗಿನ ರಿಪೇರಿಯವರು ಸೆಲ್ ಬದಲಿಸಿಕೊಡುವುದುಂಟು, ಆದರೆ ಅವರು ಸೆಲ್ಲುಗಳನ್ನು ಜೋಡಿಸುವ ನಿಕಲ್ ಪಟ್ಟಿಯನ್ನು ಸ್ಪಾಟ್ ವೆಲ್ಡಿಂಗ್ (ಕ್ಷಣಮಾತ್ರದ ವಿದ್ಯುತ್ತಿನಿಂದ ಚುಕ್ಕೆಚುಕ್ಕೆಯಾಗಿ ಅಂಟಿಸುವುದು) ಮಾಡುವವರಾಗಿರಬೇಕು. ಸೋಲ್ಡರಿಂಗ್ ಕಡ್ಡಿಯಿಂದ ನೇರವಾಗಿ ಸೆಲ್ಲಿಗೇ ಬೆಸುಗೆ ಹಾಕುವವರ ಕೈಗೆ ಕೊಡುವುದು ಬೆಂಕಿಗೆ ಆಹ್ವಾನ. ಯುರೋಪಿಯನ್ ಒಕ್ಕೂಟದ 2023ರ ಬ್ಯಾಟರಿ ನಿಯಮವು ಇಂಥ ಬ್ಯಾಟರಿಗಳನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕೆಂದು 2027ರ ಫೆಬ್ರವರಿಯಿಂದ ವಿಧಿಸುತ್ತದೆ; ಮುಖ್ಯವಾಗಿ ನೀರಿನ ನಡುವೆ ಕೆಲಸ ಮಾಡುವ, ತೊಳೆಯಬಹುದಾದ ಉಪಕರಣಗಳಿಗೆ ಅದರಲ್ಲಿ ವಿನಾಯಿತಿಯಿದ್ದು, ಅಂಥವುಗಳ ಬ್ಯಾಟರಿಯನ್ನು ತಂತ್ರಜ್ಞರು ಬದಲಿಸುವಂತಿದ್ದರೂ ಸಾಕು. ನಮ್ಮಲ್ಲಿ 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಯನ್ನು ಸಂಗ್ರಹಿಸಿ ಮರುಬಳಕೆಗೆ ಒಪ್ಪಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹಾಗಾಗಿ ಇದನ್ನು ಮನೆಯ ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಪಡೆಯುವವರಿಗೇ ಕೊಡಬೇಕು.

ಕೊಳ್ಳಬೇಕೇ ಎಂದು ಕೇಳಿದವರಿಗೆ ನಾನು ಹೇಳುವುದು ಅವರ ಅಡುಗೆಮನೆಯನ್ನು ನೋಡಿ. ಒಲೆಯ ಹತ್ತಿರ ಖಾಲಿ ಪ್ಲಗ್ ಇದ್ದು ಕರೆಂಟಿನ ತೊಂದರೆ ಇಲ್ಲದವರಿಗೆ ವೈರ್ ಇರುವ ಹ್ಯಾಂಡ್ ಬ್ಲೆಂಡರೇ ಒಳ್ಳೆಯದು. ಅದು ಅಗ್ಗ, ಬಲ ಹೆಚ್ಚು, ಸಾಯುವ ಬ್ಯಾಟರಿ ಇಲ್ಲ. ಇಬ್ಬರು ಮೂವರಿರುವ ಮನೆ, ಬಾಡಿಗೆಯ ಚಿಕ್ಕ ಅಡುಗೆಮನೆ, ಹಾಲುಗಲ್ಲದ ಮಗು, ಪದೇಪದೇ ಹೋಗುವ ಕರೆಂಟು, ಇವುಗಳಲ್ಲಿ ಯಾವುದಾದರೂ ಇದ್ದರೆ ವೈರಿಲ್ಲದ್ದಕ್ಕೆ ಕೊಡುವ ಹೆಚ್ಚಿನ ಹಣ ಸಾರ್ಥಕ. ಅಂಗಡಿಯಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂಬ ಸಂಖ್ಯೆಗೆ ಮರುಳಾಗದೆ ಬ್ಯಾಟರಿ ಎಷ್ಟು ವ್ಯಾಟ್-ಅವರ್, ಅದನ್ನು ಕಳಚಲು ಬರುತ್ತದೆಯೇ, ವಾರಂಟಿ ಮೋಟರಿಗೆ ಮಾತ್ರವೋ ಬ್ಯಾಟರಿಗೂ ಇದೆಯೋ ಎಂದು ಕೇಳಬೇಕು. ಕೊನೆಯದಕ್ಕೆ ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ವಾರಂಟಿ ಕಾರ್ಡಿನಲ್ಲಿಯೇ ಓದಿ ನೋಡಬೇಕು.