ಮೂರು ಮಳೆಗಾಲ ಕಂಡ ಮಲ್ಟಿಸ್ಪೆಕ್ಟ್ರಲ್ ಡ್ರೋನ್: ಲಿಂಗನಮಕ್ಕಿ ಹಿನ್ನೀರಿನಿಂದ ಹೊನ್ನಾವರದ ಅಳಿವೆವರೆಗೆ

ನಾಲ್ಕು ಮೋಟಾರು, ಬೆಳಕಿನ ಐದು ಪಟ್ಟಿಗಳನ್ನು (ಬ್ಯಾಂಡ್) ಬೇರೆಬೇರೆಯಾಗಿ ಸೆರೆಹಿಡಿಯುವ ಕ್ಯಾಮೆರಾ. ಈ ಡ್ರೋನ್ ಇರುವುದು ಸಾಗರ ಪಟ್ಟಣದಲ್ಲಿ, ಹಾರುವುದು ಶರಾವತಿ ಹಿನ್ನೀರಿನಲ್ಲಿ ಮತ್ತು ಘಟ್ಟದ ಕೆಳಗೆ, ನದಿ ಕಡಲು ಸೇರುವಲ್ಲಿ. ನೀರಿನ ಕದಡು ಅಳೆಯಲು ಕೊಳ್ಳುವುದಾದರೆ ಧಾರಾಳವಾಗಿ ಕೊಳ್ಳಿ. ಮಳೆಗಾಲದಲ್ಲಿ ಸೆಂಟಿನೆಲ್-2 ಉಪಗ್ರಹಕ್ಕೆ ಕಾಣುವುದು ಬರೀ ಮೋಡ, ಅದರ ಪಿಕ್ಸೆಲ್ಲೂ 10 ಮೀಟರಿನದು. ಡ್ರೋನ್ ಮೋಡದ ಕೆಳಗೆ, 100 ಮೀಟರ್ ಎತ್ತರದಿಂದ, ಸುಮಾರು 5 ಸೆಂ.ಮೀ. ಪಿಕ್ಸೆಲ್ ಕೊಡುತ್ತದೆ. ಕೆಂಪು ನೀರು ಉಪ್ಪುನೀರಿಗೆ ತಾಗುವ ನೊರೆಗೆರೆ ಸ್ಪಷ್ಟವಾಗಿ ಮೂಡುತ್ತದೆ.

ಹೆಚ್ಚು ಕಾಡುವುದು ಬಿಸಿಲಿನ ಮಿಂಚು, ಅಂದರೆ ನೀರಿನ ಮೇಲೆ ಬಿಸಿಲು ಪ್ರತಿಫಲಿಸಿ ಹೊಳೆಯುವುದು. ಬೆಳಿಗ್ಗೆ 8ರಿಂದ 9.30ರೊಳಗೆ ಹಾರಿಸಿ. ಅನುಮಾನ ಬಂದರೆ ಇನ್‌ಫ್ರಾರೆಡ್ ಬ್ಯಾಂಡನ್ನು ಮಾತ್ರ ತೆರೆದು ನೋಡಿ. ತಿಳಿನೀರು ಕಪ್ಪಗಿರುತ್ತದೆ, ಕೆಸರು ಹರಡಿದ ಬೂದು ಬಣ್ಣವಾಗಿ ಕಾಣುತ್ತದೆ, ಮಿಂಚಾದರೆ ಅಲೆಯ ಬೆನ್ನಿನ ಮೇಲೆ ಚೂಪಾದ ಬಿಳಿ ಚುಕ್ಕೆಗಳು. ಹಾರಾಟದ ಮುಂಚೆಯೂ ನಂತರವೂ ಕ್ಯಾಲಿಬ್ರೇಷನ್ ಫಲಕದ (ಬೆಳಕಿನ ಅಳತೆ ಸರಿಹೊಂದಿಸುವ ಹಲಗೆ) ಫೋಟೊ ತೆಗೆಯದಿದ್ದರೆ ಎರಡು ದಿನದ ಅಂಕಿಗಳನ್ನು ಹೋಲಿಸುವಂತಿಲ್ಲ.

ಫೋಟೊ ಜೋಡಣೆ ಬಟ್ಟಬಯಲು ನೀರಿನಲ್ಲಿ ಕೈಕೊಡುತ್ತದೆ, ಏಕೆಂದರೆ ಗುರುತು ಹಿಡಿಯಲು ಸಾಫ್ಟ್‌ವೇರಿಗೆ ಸ್ಥಿರವಾದದ್ದೇನೂ ಸಿಗುವುದಿಲ್ಲ. ಹಿನ್ನೀರಿನಲ್ಲಿ ಮುಳುಗಿದ ಮರಗಳ ಬೊಡ್ಡೆಗಳು, ಅಳಿವೆಯಲ್ಲಿ ಕಾಂಡ್ಲದ (ಮ್ಯಾಂಗ್ರೋವ್) ಅಂಚು ಪ್ರತಿ ಸಾಲಿನಲ್ಲೂ ಬರುವಂತೆ 80% ಓವರ್‌ಲ್ಯಾಪ್ (ಒಂದು ಫೋಟೊ ಮುಂದಿನದನ್ನು ಆವರಿಸುವ ಪ್ರಮಾಣ) ಇಡಿ.

ಡ್ರೋನಿಗೆ ಕಾಣುವುದು ಮೇಲ್ಪದರ ಮಾತ್ರ. ವಿದ್ಯುತ್ ಉತ್ಪಾದನೆ ಆದ ಮೇಲೆ ಗೇರುಸೊಪ್ಪೆ ಅಣೆಕಟ್ಟೆಯಿಂದ ಬೇಸಿಗೆಯಲ್ಲೂ ಸಿಹಿನೀರು ಇಳಿಯುತ್ತದೆ; ಭಾರವಾದ ಉಪ್ಪುನೀರು ಅದರಡಿ ತೂರಿಕೊಂಡಿದ್ದರೆ ಯಾವ ಬ್ಯಾಂಡಿನಲ್ಲೂ ತಿಳಿಯದು. ದೋಣಿಯಿಂದ ಕಂಡಕ್ಟಿವಿಟಿ ಮೀಟರ್ (ಉಪ್ಪಿನಂಶ ತಿಳಿಸುವ ಉಪಕರಣ) ಇಳಿಸಲೇಬೇಕು. ಕದಡಿನ ಲೆಕ್ಕಕ್ಕೂ ಹಾರಾಟದ ಅರ್ಧ ಗಂಟೆಯೊಳಗೆ 6-8 ಕಡೆ, 30 ಸೆಂ.ಮೀ. ಆಳದ ನೀರು ಬಾಟಲಿಗೆ ತುಂಬಿ ಅಳೆದಿರಬೇಕು.

ಕಂಪನಿ ಹೇಳುವ 27 ನಿಮಿಷದ ಹಾರಾಟದಲ್ಲಿ ನಂಬಬಹುದಾದದ್ದು 17. ಬೆಳಿಗ್ಗೆ 11 ಗಂಟೆ ದಾಟಿದರೆ ಕಡಲಗಾಳಿ ಏಳುತ್ತದೆ. ನದಿಯ ಮೇಲ್ಗಡೆ ಹೋದದ್ದು ಎದುರುಗಾಳಿಯಲ್ಲಿ ಮರಳಬೇಕು, ಬ್ಯಾಟರಿ 35% ಇರುವಾಗಲೇ ತಿರುಗಿಸಿ. ನೀರಿನಿಂದ 3 ಮೀಟರಿಗಿಂತ ಕೆಳಗೆ ಇಳಿಸಬೇಡಿ, ಅಲೆ ಕಂಡು ಕೆಳಗಿನ ಸೆನ್ಸರ್ ತಬ್ಬಿಬ್ಬಾಗುತ್ತದೆ. ದೋಣಿಯಿಂದ ಹಾರಿಸಿದರೆ ದೋಣಿ ಸರಿದಂತೆ ಹೋಮ್ ಪಾಯಿಂಟ್ (ಡ್ರೋನ್ ತಾನಾಗಿ ಮರಳುವ ಜಾಗ) ಬದಲಿಸುತ್ತಿರಿ, ಇಲ್ಲವಾದರೆ ಹಳೆಯ ಜಾಗ ಹುಡುಕಿ ನೀರಿಗಿಳಿಯುತ್ತದೆ. ಅಣೆಕಟ್ಟೆಯ ಹತ್ತಿರ ಹೋಗುವ ಮುಂಚೆ ಡ್ರೋನ್ ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರಿ ಡಿಜಿಟಲ್ ಸ್ಕೈ ನಕ್ಷೆ ನೋಡಿ.

ಹೊನ್ನಾವರದಿಂದ ಬಂದ ದಿನವೇ ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ. ತಡವಾದರೆ ಮೋಟಾರಿನ ಬೇರಿಂಗಿಗೆ ಉಪ್ಪು ಕೂರುತ್ತದೆ, ಕೈಯಲ್ಲಿ ತಿರುಗಿಸಿದರೆ ಕರಕರ ಎನ್ನುತ್ತದೆ. ಮಲೆನಾಡಿನ ಥಂಡಿಗೆ ಲೆನ್ಸಿನೊಳಗೆ ಬೂಸ್ಟು ಹಿಡಿಯುವುದರಿಂದ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಡಿ, ಜೆಲ್ ಬಣ್ಣ ಬದಲಿಸಿದಾಗ ಒಣಗಿಸಿ. ಬ್ಯಾಟರಿಗಳನ್ನು 50-60% ಚಾರ್ಜಿನಲ್ಲಿ ಬೇರೆಯಾಗಿಡಿ. ಅಡಿಕೆ ಡ್ರೈಯರ್ ಪಕ್ಕದಲ್ಲಂತೂ ಬೇಡ, ಬಿಸಿಗೆ ಊದಿಕೊಳ್ಳುತ್ತವೆ.