‘ನಾಗರಿಕ’ನ ಜಾಡು ಹಿಡಿಯಲು ಯಾವ ನಿಘಂಟು?

ನಿಘಂಟಿನ ಬಲಾಬಲ ನೋಡಲು ‘ನಾಗರಿಕ’ ಒಳ್ಳೆಯ ಪದ. ನಗರಕ್ಕೆ ಸೇರಿದವನು ಎಂಬುದು ಮೂಲಾರ್ಥ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಇವನು ಪಟ್ಟಣದ ಉಸ್ತುವಾರಿ ನೋಡುವ ಅಧಿಕಾರಿ. ಇಂದಿನ ಬಳಕೆಯಲ್ಲಿ ಹಳ್ಳಿಯಲ್ಲೇ ಹುಟ್ಟಿ ಬೆಳೆದ ಪ್ರಜೆಯೂ ನಾಗರಿಕನೇ. ‘ನಾಗರಿಕ ವಿಮಾನಯಾನ’ ಎಂದರೆ ಸೇನೆಗೆ ಸೇರದ್ದು, ಅಷ್ಟೇ. ‘ಅನಾಗರಿಕ ವರ್ತನೆ’ ಎಂದಾಗ ಊರಿನ ಪ್ರಸ್ತಾಪವೇ ಇಲ್ಲ.

ಇಂಥ ಪದದ ಜಾಡು ಹಿಡಿಯಲು ಮೂರು ನಿಘಂಟುಗಳನ್ನು ನೋಡೋಣ. ತಕ್ಷಣಕ್ಕೆ ಅರ್ಥ ಬೇಕಿದ್ದರೆ ‘ಅಲರ್’ ಸಾಕು. ವಿ. ಕೃಷ್ಣ ಅವರು ದಶಕಗಟ್ಟಲೆ ದುಡಿದು ಕಟ್ಟಿದ ಈ ಕನ್ನಡ–ಇಂಗ್ಲಿಷ್ ನಿಘಂಟು 2019ರಿಂದ ಜಾಲದಲ್ಲಿ ಉಚಿತ; ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. ಉಚ್ಚಾರ ಹೋಲುವ ಪದಗಳನ್ನೂ ಹೆಕ್ಕಿ ಕೊಡುವುದು ಇದರ ದೊಡ್ಡ ಅನುಕೂಲ. ‘ನಾಗರಿಕರಿಗೆ’ ಎಂದು ಹಾಗೆಯೇ ಹಾಕಬೇಡಿ, ಪ್ರತ್ಯಯ ಕಳಚಿ ‘ನಾಗರಿಕ’ ಎಂದಷ್ಟೇ ಹುಡುಕಿ. ಕೊರತೆಯೆಂದರೆ ಪ್ರಯೋಗದ ಉದಾಹರಣೆಗಳಿಲ್ಲ. ಅರ್ಥಗಳ ಪಟ್ಟಿ ಸಿಗುತ್ತದೆ, ಯಾವುದು ಹಳೆಯದು, ಯಾವುದು ಈಚಿನದು ತಿಳಿಯುವುದಿಲ್ಲ.

ಅದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟೇ ಬೇಕು. ಶಾಸನ, ಕಾವ್ಯಗಳ ಸಾಲುಗಳನ್ನೇ ಮುಂದಿಟ್ಟು ಅರ್ಥ ಹೇಳುವ ಕ್ರಮ ಇದರದು. ಪದ ಎಲ್ಲಿ ಹೊರಳಿತು ಎಂಬುದು ಆ ಸಾಲುಗಳಲ್ಲೇ ಕಾಣುತ್ತದೆ. ಭಾರವೂ ಹೌದು, ನಿಧಾನವೂ ಹೌದು. ಆದರೂ ಮೂರರಲ್ಲಿ ಒಂದನ್ನೇ ಆರಿಸಿ ಎಂದರೆ ಇದೇ.

ಕಾಗುಣಿತದ ತೊಡಕೊಂದು ಎಲ್ಲೆಡೆ ಕಾಡುತ್ತದೆ. ‘ನಗರೀಕರಣ’ದಲ್ಲಿ ‘ರೀ’ ಸರಿ. ನಗರವಲ್ಲದ್ದು ನಗರವಾಗುವುದನ್ನು ಹೇಳುವಾಗ ಅಲ್ಲಿ ದೀರ್ಘ ಬರಲೇಬೇಕು. ‘ನಾಗರಿಕ’ದಲ್ಲಿರುವುದು ‘ಇಕ’ ಪ್ರತ್ಯಯ, ಹಾಗಾಗಿ ಹ್ರಸ್ವ. ಮೊದಲನೆಯದರ ಗುಂಗಿನಲ್ಲಿ ಎರಡನೆಯದನ್ನೂ ‘ನಾಗರೀಕ’ ಎಂದು ಬರೆದ ಫಲಕಗಳಿಗೆ ಲೆಕ್ಕವಿಲ್ಲ. ‘ನಾಗರಹಾವು’, ‘ನಾಗರಪಂಚಮಿ’ಗಳಿಗೂ ನಗರಕ್ಕೂ ಸಂಬಂಧವಿಲ್ಲ, ಅವು ನಾಗನ ಕಡೆಯವು.

ಮೂರನೆಯ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ಅವರದು. ಸಂಸ್ಕೃತ ಮೂಲದ ‘ನಾಗರಿಕ’ಕ್ಕಿಂತ ದೇಸಿ ಪದಗಳಿಗೆ ಇದು ಹೆಚ್ಚು ಉಪಯೋಗ. ತಮಿಳು, ತೆಲುಗು, ಮಲಯಾಳ, ತುಳುವಿನ ಸೋದರ ಪದಗಳನ್ನು ಪಕ್ಕದಲ್ಲೇ ಕೊಡುತ್ತದೆ. ಪಟ್ಟಣಕ್ಕೆ ಹಳಗನ್ನಡದಲ್ಲಿದ್ದ ‘ಪೊೞಲ್’ ಹುಡುಕುವವರು ಒಂದು ಎಚ್ಚರ ವಹಿಸಬೇಕು: ಪಕಾರ ಹಕಾರವಾಗಿ, ೞಕಾರ ಳಕಾರವಾಗಿ ‘ಹೊಳಲು’ ಎಂದಾಗಿದೆ. ಎರಡೂ ಕಡೆ ಪುಟ ತಿರುವಿ. ಚಿತ್ರರೂಪದ ಸ್ಕ್ಯಾನ್ ಪ್ರತಿಯಾದರೆ ಹುಡುಕು ಗುಂಡಿ ಕೆಲಸಕ್ಕೆ ಬರುವುದಿಲ್ಲ, ಅಕಾರಾದಿ ಕ್ರಮ ಹಿಡಿದೇ ಹೋಗಬೇಕು. ಜಾಲದ ನಿಘಂಟಿನಲ್ಲಾದರೆ ೞ ಕೊಡುವ ಕೀಲಿಮಣೆ ಹಾಕಿಕೊಂಡಿರಿ. ಹಲವು ಮೊಬೈಲುಗಳಲ್ಲಿ ಅದು ಸುಲಭಕ್ಕೆ ಸಿಗುವುದಿಲ್ಲ.