‘ಮಾಂಟೆರೆ ಪಾಪ್’ ಮನೆಗೆ ಬಂದ ಬಗೆಗಳು: ಕೊನೆಯ ಹದಿನೆಂಟು ನಿಮಿಷಗಳ ಹೋಲಿಕೆ

ಡಿ. ಎ. ಪೆನ್ನೆಬೇಕರ್ ನಿರ್ದೇಶಿಸಿದ ‘ಮಾಂಟೆರೆ ಪಾಪ್’ ಸಂಗೀತ ಕಚೇರಿ ಚಿತ್ರವನ್ನು ಹೆಚ್ಚಿನವರು ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್, ಗಾಯಕರಾದ ಜಾನಿಸ್ ಜಾಪ್ಲಿನ್, ಓಟಿಸ್ ರೆಡಿಂಗ್ ಇವರಿಗಾಗಿ ನೋಡುತ್ತಾರೆ. ನಾನು ಆ ಚಿತ್ರಕ್ಕೆ ಮತ್ತೆ ಮತ್ತೆ ಮರಳುವುದು ಅದರ ಕೊನೆಯ ಸುಮಾರು ಹದಿನೆಂಟು ನಿಮಿಷಗಳಿಗಾಗಿ. ಪಂಡಿತ್ ರವಿಶಂಕರ್ ಅವರ ಸಿತಾರ್, ಉಸ್ತಾದ್ ಅಲ್ಲಾ ರಖಾ ಅವರ ತಬಲಾ, ಕಮಲಾ ಚಕ್ರವರ್ತಿ ಅವರ ತಂಬೂರಿ ಕೂಡಿರುವ ಆ ಭಾಗವೇ ಈ ಚಿತ್ರದ ಯಾವುದೇ ಹೊಸ ಡಿಸ್ಕನ್ನು ಅಳೆಯಲು ಸರಿಯಾದ ಮಾನದಂಡವೆಂದು ನಾನು ನಂಬಿದ್ದೇನೆ. ಹಳೆಯ ಡಿವಿಡಿ, ಅನಂತರದ ಬ್ಲೂ-ರೇ, 2017ರ ರಿಸ್ಟೋರೇಷನ್ (ಮೂಲ ಫಿಲ್ಮಿನಿಂದ ಮತ್ತೆ ಸಿದ್ಧಪಡಿಸಿದ ಪ್ರತಿ), ಸ್ಟ್ರೀಮಿಂಗ್ ಮತ್ತು ಇದೇ ಕಚೇರಿಯ ಧ್ವನಿಮುದ್ರಿಕೆ, ಇಷ್ಟನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿ ಕೇಳಿದ ಮೇಲೆ, ಮುಂದೆ ಬರಬಹುದಾದ ಅಲ್ಟ್ರಾ ಎಚ್‌ಡಿ (ಬ್ಲೂ-ರೇಗಿಂತ ಹೆಚ್ಚು ಬಿಂದುಗಳ 4ಕೆ) ಡಿಸ್ಕಿಗಾಗಿ ಕಾಯಬೇಕೇ, ಕಾಯುವುದಾದರೆ ಅದರಿಂದ ಏನನ್ನು ನಿರೀಕ್ಷಿಸಬೇಕು ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಮೂಲದ ವಿಷಯ. ಕ್ಯಾಲಿಫೋರ್ನಿಯಾದ ಮಾಂಟೆರೆ ಕೌಂಟಿ ಫೇರ್‌ಗ್ರೌಂಡ್ಸ್‌ನಲ್ಲಿ 1967ರ ಜೂನ್ 16ರಿಂದ 18ರವರೆಗೆ ನಡೆದ ಈ ಪಾಪ್ ಸಂಗೀತ ಉತ್ಸವವನ್ನು ಪೆನ್ನೆಬೇಕರ್, ರಿಚರ್ಡ್ ಲೀಕಾಕ್, ಆಲ್ಬರ್ಟ್ ಮೇಸಲ್ಸ್ ಮೊದಲಾದವರು ಹೆಗಲ ಮೇಲೆ ಹೊತ್ತ 16 ಮಿ.ಮೀ. ಕ್ಯಾಮೆರಾಗಳಲ್ಲಿ ಚಿತ್ರೀಕರಿಸಿದರು. ಎಬಿಸಿ ದೂರದರ್ಶನಕ್ಕೆಂದು ಆರಂಭವಾದ ಈ ಕೆಲಸ ಅಲ್ಲಿ ಪ್ರಸಾರವಾಗದೆ 1968ರಲ್ಲಿ ಚಲನಚಿತ್ರವಾಗಿ ತೆರೆಗೆ ಬಂದಿತು. ಚಿತ್ರಮಂದಿರಗಳಿಗಾಗಿ ಅದನ್ನು 35 ಮಿ.ಮೀ.ಗೆ ಹಿಗ್ಗಿಸಲಾಯಿತು. ಬಳಸಿದ್ದು ರಿವರ್ಸಲ್ ಫಿಲ್ಮ್ ಎಂಬುದನ್ನು ನೆನಪಿನಲ್ಲಿಡುವುದು ಮುಖ್ಯ. ಈ ಬಗೆಯ ಫಿಲ್ಮಿನಲ್ಲಿ ನೆಗೆಟಿವ್ ಎಂಬುದೇ ಇರುವುದಿಲ್ಲ. ಕ್ಯಾಮೆರಾದೊಳಗೆ ಬೆಳಕು ಬಿದ್ದ ಸುರುಳಿಯೇ ಸಂಸ್ಕರಣೆಯಾದ ಮೇಲೆ ನೇರವಾಗಿ ಚಿತ್ರವಾಗುತ್ತದೆ. ಅದರ ಬಣ್ಣಗಳು ಗಾಢವಾಗಿರುತ್ತವೆ, ಆದರೆ ಬೆಳಕಿನ ವ್ಯಾಪ್ತಿ ಕಿರಿದು. ಅತಿಯಾಗಿ ಬೆಳಗಿದ ಜಾಗ ಬರಿಯ ಬಿಳಿಯಾಗುತ್ತದೆ, ಕತ್ತಲೆಯ ಮೂಲೆ ಬರಿಯ ಕಪ್ಪಾಗುತ್ತದೆ, ಮತ್ತು ಪ್ರತಿ ನಕಲಿನಲ್ಲೂ ಈ ಎರಡು ಕೊನೆಗಳ ನಡುವಿನ ಸೂಕ್ಷ್ಮ ಇನ್ನಷ್ಟು ಸವೆಯುತ್ತದೆ. ಆದ್ದರಿಂದ ಈ ಚಿತ್ರದ ಯಾವುದೇ ಡಿಸ್ಕಿನ ಬಗ್ಗೆ ಮೊದಲು ಕೇಳಬೇಕಾದ ಪ್ರಶ್ನೆ ಅದರಲ್ಲಿ ಎಷ್ಟು ಗೆರೆಗಳಿವೆ ಎಂಬುದಲ್ಲ, ಅದು ಮೂಲ ಸುರುಳಿಗೆ ಎಷ್ಟು ಹತ್ತಿರದಿಂದ ಬಂದಿದೆ ಎಂಬುದು.

ಕ್ರೈಟೀರಿಯನ್ ಸಂಸ್ಥೆ 2002ರಲ್ಲಿ ಹೊರತಂದ ಮೂರು ಡಿವಿಡಿಗಳ ಪೆಟ್ಟಿಗೆಯೇ ನನ್ನ ಪೀಳಿಗೆಯ ಅನೇಕರಿಗೆ ಈ ಚಿತ್ರದ ಮೊದಲ ಒಳ್ಳೆಯ ಪ್ರತಿ. ಮುಖ್ಯ ಚಿತ್ರದ ಜೊತೆಗೆ ಹೆಂಡ್ರಿಕ್ಸ್ ಮತ್ತು ರೆಡಿಂಗ್ ಅವರ ಕಾರ್ಯಕ್ರಮಗಳ ಪ್ರತ್ಯೇಕ ಕಿರುಚಿತ್ರಗಳೂ, ಚಿತ್ರದಲ್ಲಿ ಸೇರದೆ ಉಳಿದ ಸುಮಾರು ಎರಡು ಗಂಟೆಗಳ ಪ್ರದರ್ಶನಗಳೂ ಅದರಲ್ಲಿದ್ದವು. ಅದರ ಬಗ್ಗೆ ನನಗೆ ಇಂದಿಗೂ ಗೌರವವಿದೆ. ಆದರೆ 720×480 ಬಿಂದುಗಳ ಚಿತ್ರದಲ್ಲಿ 16 ಮಿ.ಮೀ. ಫಿಲ್ಮಿನ ಗ್ರೇನ್, ಅಂದರೆ ಅದರ ಸಹಜವಾದ ಕಣಕಣ ವಿನ್ಯಾಸ, ಗ್ರೇನ್ ಆಗಿ ಉಳಿಯುವುದಿಲ್ಲ. ಡಿವಿಡಿಯ ಸಂಕೋಚನ ಕ್ರಮ ಅದನ್ನು ಚಲಿಸುವ ಮಬ್ಬಾಗಿ ಮಾಡಿಬಿಡುತ್ತದೆ. ಪ್ರೇಕ್ಷಕರ ಕೆಂಪು ಬಟ್ಟೆಗಳ ಅಂಚು ಪಕ್ಕದ ಬಣ್ಣದೊಳಗೆ ಹರಿದಂತೆ ಕಾಣುತ್ತದೆ.

ಅದಕ್ಕಿಂತ ದೊಡ್ಡ ತೊಡಕು ಚಲನೆಯದು. ಸೆಕೆಂಡಿಗೆ 24 ಚೌಕಟ್ಟುಗಳ ಫಿಲ್ಮನ್ನು ಅಮೆರಿಕದ ಹಳೆಯ ದೂರದರ್ಶನ ಕ್ರಮದ ಸುಮಾರು 60 ಅರೆ-ಚೌಕಟ್ಟುಗಳಿಗೆ ಹೊಂದಿಸಲು ಒಂದು ಚೌಕಟ್ಟನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕಾಗುತ್ತದೆ. ಒಬ್ಬ ಗಾಯಕ ಮೈಕಿನ ಮುಂದೆ ನಿಂತು ಹಾಡುತ್ತಿದ್ದರೆ ಇದು ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಾ ರಖಾ ಅವರ ಬೆರಳುಗಳು ವೇಗದ ಗತಿಯ, ಹದಿನಾರು ಮಾತ್ರೆಗಳ ದ್ರುತ್ ತೀನ್‌ತಾಲದಲ್ಲಿ ಓಡುತ್ತಿರುವಾಗ ಮಾತ್ರ ಚೆನ್ನಾಗಿಯೇ ಬೀಳುತ್ತದೆ. ಕಿವಿಗೆ ಸಮವಾಗಿ ಬರುವ ಬೋಲ್‌ಗಳು (ತಬಲಾದ ನುಡಿಗಳು) ಕಣ್ಣಿಗೆ ತಡವರಿಸಿದಂತೆ ಬರುತ್ತವೆ. ತಬಲಾ ನುಡಿಸುವವರಾಗಲಿ, ಎದುರು ಕುಳಿತು ಕೇಳಿ ಅಭ್ಯಾಸವಿರುವವರಾಗಲಿ ಇದನ್ನು ಕೂಡಲೇ ಗುರುತಿಸುತ್ತಾರೆ.

2009ರ ಬ್ಲೂ-ರೇ ಈ ತೊಡಕನ್ನು ಬಗೆಹರಿಸಿತು. ಚಿತ್ರ 24 ಚೌಕಟ್ಟುಗಳ ತನ್ನ ಸಹಜ ಗತಿಯಲ್ಲೇ ಬರುವುದರಿಂದ ಕೈಗೂ ನಾದಕ್ಕೂ ಮತ್ತೆ ಹೊಂದಿಕೆ ಉಂಟಾಯಿತು. ಹೆಚ್ಚುಕಡಿಮೆ ಚೌಕವಾದ ಈ ಚಿತ್ರ ಅಗಲದ ಪರದೆಯ ಎರಡೂ ಬದಿಯಲ್ಲಿ ಕಪ್ಪು ಪಟ್ಟಿ ಬಿಟ್ಟುಕೊಂಡು ಕುಳಿತರೂ ವಿವರಗಳಿಗೆ ಕೊರತೆಯಿಲ್ಲ. ಸಿತಾರಿನ ಮೆಟ್ಟಿಲುಗಳ ಮೇಲೆ ತಂತಿಯನ್ನು ಎಳೆದು ಮೀಂಡ್ ತೆಗೆಯುವ ಎಡಗೈಯ ಬಲ ಎಷ್ಟೆಂಬುದು ಇಲ್ಲಿ ಮೊದಲ ಬಾರಿಗೆ ನನಗೆ ಸ್ಪಷ್ಟವಾಯಿತು. ಆದರೂ ಬೆಳಕಿನ ಎರಡು ಕೊನೆಗಳು ಬಿಗಿಯಾಗಿಯೇ ಉಳಿದವು. ಓಟಿಸ್ ರೆಡಿಂಗ್ ಅವರ ನಿಧಾನಗತಿಯ ಹಾಡಿನಲ್ಲಿ ಅವರ ಬೆನ್ನ ಹಿಂದಿನಿಂದ ಚಿತ್ರಿಸಿದ ಕ್ಯಾಮೆರಾ ಎದುರಿನ ದೀಪದ ಪ್ರಖರತೆಯನ್ನು ನೇರವಾಗಿ ಎದುರಿಸುತ್ತದೆ, ತಲೆಯ ಸುತ್ತ ಬೆಳಕು ತುಂಬಿ ಇಡೀ ಚೌಕಟ್ಟೇ ಬಿಳುಪಾಗುತ್ತದೆ. ಈ ಪ್ರತಿಯಲ್ಲಿ ಆ ಬಿಳುಪಿಗೆ ಒಳಪದರಗಳಿಲ್ಲ, ಅದು ಥಟ್ಟನೆ ಆರಂಭವಾಗಿ ಥಟ್ಟನೆ ಮುಗಿಯುತ್ತದೆ.

2017ರಲ್ಲಿ, ಉತ್ಸವದ ಐವತ್ತನೆಯ ವರ್ಷಕ್ಕೆ, 16 ಮಿ.ಮೀ. ಮೂಲ ರಿವರ್ಸಲ್ ಫಿಲ್ಮಿನಿಂದಲೇ 4ಕೆ ರಿಸ್ಟೋರೇಷನ್ ನಡೆಯಿತು. ಅದರ ಬ್ಲೂ-ರೇಯನ್ನು ಹಾಕಿದಾಗ ಮೊದಲು ಗಮನಕ್ಕೆ ಬರುವುದು ತೀಕ್ಷ್ಣತೆಯಲ್ಲ. 2009ರ ಡಿಸ್ಕಿನ ಪಕ್ಕದಲ್ಲಿಟ್ಟರೆ ಇದು ಒಂದು ಕ್ಷಣ ಮಂದವೆಂದೇ ತೋರಬಹುದು. ಆದರೆ ಅಂಚುಗಳನ್ನು ಕೃತಕವಾಗಿ ಎತ್ತಿ ತೋರಿಸುವ ಗುಣ ಇಲ್ಲದಿರುವುದೇ ಆ ಮಂದತೆಯ ಕಾರಣವೆಂದು ಬೇಗನೆ ಅರಿವಾಗುತ್ತದೆ. ಗ್ರೇನ್ ಇದೆ, ಇರಬೇಕಾದಷ್ಟು ಇದೆ, ಮುಖಗಳ ಮೇಲೆ ಅದು ಸಮನಾಗಿ ಹರಡಿದೆ. ರವಿಶಂಕರ್ ನುಡಿಸಿದ್ದು ಭಾನುವಾರದ ಮಧ್ಯಾಹ್ನ. ಮೋಡ ಕವಿದ ಆ ಹಗಲಿನ ಮೃದು ಬೆಳಕು ಚರ್ಮದ ಬಣ್ಣದಲ್ಲಿ, ಸಿತಾರಿನ ಮರದ ಹೊಳಪಿನಲ್ಲಿ ನಿಜವಾಗಿ ಕಾಣಿಸುವುದು ಈ ಪ್ರತಿಯಲ್ಲೇ. ಹಿಂದಿನ ಎರಡರಲ್ಲೂ ಮುಖಗಳಿಗೆ ಬೆಚ್ಚನೆಯ ಕೆಂಪು ಛಾಯೆಯೊಂದು ಅಂಟಿಕೊಂಡಿತ್ತು ಎಂಬುದು ಇದನ್ನು ನೋಡಿದ ಮೇಲೆಯೇ ನನಗೆ ತಿಳಿದದ್ದು.

ಪೆನ್ನೆಬೇಕರ್ ಈ ಭಾಗವನ್ನು ಕಟ್ಟಿರುವ ರೀತಿಗೂ ಇದಕ್ಕೂ ನೇರ ಸಂಬಂಧವಿದೆ. ಸಂಗೀತ ಆರಂಭವಾದ ಎಷ್ಟೋ ಹೊತ್ತಿನವರೆಗೆ ಅವರು ವೇದಿಕೆಯನ್ನು ತೋರಿಸುವುದಿಲ್ಲ. ಮೈದಾನದಲ್ಲಿ ಓಡಾಡುವವರು, ಮಲಗಿದವರು, ಕಣ್ಣುಮುಚ್ಚಿ ಕುಳಿತವರು, ಕೇಳುಗರ ಸಾಲಿನಲ್ಲಿ ಹೆಂಡ್ರಿಕ್ಸ್, ಹೀಗೆ ಮುಖದಿಂದ ಮುಖಕ್ಕೆ ಕ್ಯಾಮೆರಾ ಸಾಗುತ್ತದೆ, ಸಿತಾರ್ ಕಿವಿಗೆ ಮಾತ್ರ ಕೇಳುತ್ತಿರುತ್ತದೆ. ಮುಖಗಳ ಸೂಕ್ಷ್ಮ ಕಾಣದಿದ್ದರೆ ಈ ನಿಮಿಷಗಳು ಬರಿಯ ಕಾಲಹರಣವೆನಿಸುತ್ತವೆ, ಡಿವಿಡಿಯಲ್ಲಿ ನನಗೆ ಹಾಗೆಯೇ ಅನ್ನಿಸುತ್ತಿತ್ತು. 2017ರ ಪ್ರತಿಯಲ್ಲಿ ಒಬ್ಬೊಬ್ಬರ ಕಣ್ಣಿನಲ್ಲೂ ಕೇಳುವಿಕೆ ಆಳವಾಗುತ್ತ ಹೋಗುವುದು ಕಾಣುವುದರಿಂದ, ಕೊನೆಗೆ ವಾದಕರ ಕೈಗಳು ತೆರೆಗೆ ಬಂದಾಗ ಅವರೆಲ್ಲ ಕಾದದ್ದನ್ನೇ ನಾವೂ ಕಾದಿದ್ದೆವು ಎಂಬ ಭಾವ ಮೂಡುತ್ತದೆ. ಭಾನುವಾರ ರಾತ್ರಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದ್ದು ರವಿಶಂಕರ್ ಅವರ ಕಚೇರಿಯ ನಂತರ; ವಾದ್ಯವನ್ನು ಹಾಗೆ ಸುಡುವುದು ತಮಗೆ ಸಹಿಸಲಾಗಲಿಲ್ಲವೆಂದು ರವಿಶಂಕರ್ ಅವರೇ ಹೇಳಿದ್ದಾರೆ. ಚಿತ್ರದಲ್ಲಿ ಮಾತ್ರ ಪೆನ್ನೆಬೇಕರ್ ಈ ಕ್ರಮವನ್ನು ಬದಲಿಸಿ, ಬೆಂಕಿಯ ನಂತರ ಸಿತಾರನ್ನು ಇಟ್ಟರು. ಸಂಕಲನಕಾರನೊಬ್ಬನ ಇಷ್ಟು ಪಕ್ವವಾದ ತೀರ್ಮಾನವನ್ನು ನಾನು ಬೇರೆ ಯಾವ ಕಚೇರಿ ಚಿತ್ರದಲ್ಲೂ ಕಂಡಿಲ್ಲ.

ಧ್ವನಿಯ ವಿಷಯದಲ್ಲಿ ನನ್ನ ತೀರ್ಮಾನ ಬಹುಜನರ ಅಭಿಪ್ರಾಯಕ್ಕಿಂತ ಬೇರೆ. ಉತ್ಸವದ ಸಂಗೀತವನ್ನು ವಾಲಿ ಹೈಡರ್ ಅವರ ಸಂಚಾರಿ ಸ್ಟುಡಿಯೊ ಎಂಟು ಟ್ರ್ಯಾಕುಗಳಲ್ಲಿ ದಾಖಲಿಸಿತು, 1967ರ ಮಟ್ಟಿಗೆ ಅದು ಅತ್ಯಾಧುನಿಕ ಏರ್ಪಾಡು. ಅದರಿಂದ ಧ್ವನಿ ಎಂಜಿನಿಯರ್ ಎಡ್ಡಿ ಕ್ರೇಮರ್ ಸಿದ್ಧಪಡಿಸಿದ 5.1 (ಸುತ್ತಲಿನ ಐದು ಸ್ಪೀಕರು ಮತ್ತು ಮಂದ್ರಕ್ಕೆ ಮೀಸಲಾದ ಒಂದು ಸಬ್‌ವೂಫರಿನ) ಮಿಶ್ರಣ ಈ ಡಿಸ್ಕುಗಳಲ್ಲಿ ಸ್ಟೀರಿಯೊ ಜೊತೆಗೇ ಇದೆ. ರಾಕ್ ತಂಡಗಳಿಗೆ 5.1 ಬಹಳ ಚೆನ್ನಾಗಿ ಒಪ್ಪುತ್ತದೆ, ಜಾಪ್ಲಿನ್ ಅವರ ಹಾಡಿಗೆ ನಾನು ಅದನ್ನಲ್ಲದೆ ಬೇರೆಯದನ್ನು ಹಾಕುವುದಿಲ್ಲ. ಸಿತಾರಿಗೆ ಬಂದಾಗ ಮಾತ್ರ ಸ್ಟೀರಿಯೊ ಕಡೆಗೆ ತಿರುಗುತ್ತೇನೆ. ನನ್ನ ಕೋಣೆಯಲ್ಲಿ ಕೇಳಿದಂತೆ, ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ಮಂದ್ರ ನಾದ ಸಬ್‌ವೂಫರಿಗೆ ಹೋದ ಕೂಡಲೇ ಉಬ್ಬಿಕೊಳ್ಳುತ್ತದೆ. ಅಂಗೈ ಒತ್ತಿ ಜಾರಿಸಿದಾಗ ನಾದ ಏರುವ ಆ ಸೂಕ್ಷ್ಮ ವಕ್ರತೆ ಉಬ್ಬಿನಲ್ಲಿ ಮುಚ್ಚಿಹೋಗುತ್ತದೆ. ಸ್ಟೀರಿಯೊದಲ್ಲಿ ದಾಯಾ (ಬಲಗೈ ವಾದ್ಯ) ಮತ್ತು ಡಗ್ಗಾ ಒಂದೇ ವ್ಯಕ್ತಿಯ ಎರಡು ಕೈಗಳಾಗಿ ಕೇಳುತ್ತವೆ, ತಂಬೂರಿ ಅವುಗಳ ಹಿಂದೆ ಸ್ಥಿರವಾಗಿ ನಿಲ್ಲುತ್ತದೆ, ಸಿತಾರಿನ ತಾನಾಗಿ ಮಿಡಿಯುವ ತರಬ್ ತಂತಿಗಳ ಅನುರಣನ ಮುಖ್ಯ ತಂತಿಯಿಂದ ಬೇರೆಯಾಗಿ ಕಿವಿಗೆ ಸಿಗುತ್ತದೆ. ಡಿವಿಡಿಯ ಡಾಲ್ಬಿ ಧ್ವನಿಯಲ್ಲಿ ಈ ಅನುರಣನವೇ ಮೊದಲು ಕಳೆದುಹೋಗುವುದು. ಸಂಕೋಚನವಿಲ್ಲದ ಬ್ಲೂ-ರೇ ಸ್ಟೀರಿಯೊ ಹಾಕಿದರೆ ವ್ಯತ್ಯಾಸ ತಿಳಿಯಲು ದುಬಾರಿ ಸ್ಪೀಕರುಗಳೇನೂ ಬೇಕಿಲ್ಲ. ಸಿತಾರ್-ತಬಲಾಗಳ ಪ್ರಶ್ನೋತ್ತರವಾದ ಸವಾಲ್-ಜವಾಬ್ ಮುಗಿದು, ವೇಗದ ಮುಕ್ತಾಯ ಭಾಗವಾದ ಝಾಲಾ ಏರಿ ಕೊನೆಯ ಚಪ್ಪಾಳೆ ಮೊಳಗುವಾಗ 5.1 ಮತ್ತೆ ಮೇಲುಗೈ ಪಡೆಯುತ್ತದೆ ಎಂಬುದನ್ನೂ ಒಪ್ಪಬೇಕು, ಎದ್ದು ನಿಂತ ಆ ಜನಸಮೂಹದ ನಡುವೆಯೇ ನಾವಿರುವಂತಾಗುತ್ತದೆ.

ಇದೇ ಕಚೇರಿಯ ಧ್ವನಿಮುದ್ರಿಕೆ 1967ರಲ್ಲೇ ವರ್ಲ್ಡ್ ಪೆಸಿಫಿಕ್ ಲಾಂಛನದಲ್ಲಿ ಬಂದಿತ್ತು. ಅದರಲ್ಲಿ ರಾಗ ಭೀಮ್‌ಪಲಾಸಿ, ಏಕ್‌ತಾಲದಲ್ಲಿ ತಬಲಾ ಸೋಲೊ ಮತ್ತು ದಾದ್ರಾದಿಂದ ದ್ರುತ್ ತೀನ್‌ತಾಲಕ್ಕೆ ಹೋಗುವ ಧುನ್ (ಲಘು ಶೈಲಿಯ ರಚನೆ), ಹೀಗೆ ಮೂರು ಭಾಗಗಳಿವೆ. ರಾಗದ ಪೂರ್ಣ ಬೆಳವಣಿಗೆ ಬೇಕಾದವರಿಗೆ ಯಾವ ಡಿಸ್ಕೂ ಇದಕ್ಕೆ ಬದಲಿಯಾಗದು, ಏಕೆಂದರೆ ಚಿತ್ರದಲ್ಲಿರುವುದು ಧುನ್ ಮಾತ್ರ. ಚಿತ್ರದ ವಿವರಗಳಲ್ಲಿ ಇದನ್ನು ‘ರಾಗ ಭೀಮ್‌ಪಲಾಸಿ’ ಎಂದು ತಪ್ಪಾಗಿ ನಮೂದಿಸಿರುವುದರಿಂದ ಹೊಸ ಕೇಳುಗರು ಧುನ್ ಕೇಳಿ ಅದನ್ನೇ ಭೀಮ್‌ಪಲಾಸಿ ಎಂದುಕೊಳ್ಳುವ ಸಂಭವವಿದೆ. ಹೊಸ ಡಿಸ್ಕ್ ಬಂದಾಗ ಈ ತಿದ್ದುಪಡಿ ಆಗಲೇಬೇಕೆಂಬುದು ನನ್ನ ಆಗ್ರಹದ ಬೇಡಿಕೆ, ಮತ್ತು ಅದಕ್ಕೆ ಖರ್ಚೇನೂ ಇಲ್ಲ.

ಸ್ಟ್ರೀಮಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಮೆರಿಕದಲ್ಲಿರುವ ಬಂಧುಗಳ ಮನೆಯಲ್ಲಿ ನೋಡಿದಾಗ ಅದೇ ಹೊಸ ರಿಸ್ಟೋರೇಷನ್ ಬಂದರೂ, ಜನಸಂದಣಿಯ ದೃಶ್ಯಗಳಲ್ಲಿ ಗ್ರೇನ್ ಸಣ್ಣ ಸಣ್ಣ ಚೌಕಗಳಾಗಿ ಒಡೆಯುತ್ತಿತ್ತು. ಚಿತ್ರದ ಪರಿಚಯ ಮಾಡಿಕೊಳ್ಳಲು ಅದು ಸಾಕು.

ಇನ್ನು ಕಾಯುವ ವಿಷಯ. 16 ಮಿ.ಮೀ. ಫಿಲ್ಮಿಗೆ 3840×2160 ಬಿಂದುಗಳ ಡಿಸ್ಕ್ ಅನಗತ್ಯವೆಂಬ ವಾದವನ್ನು ನಾನು ಕೇಳಿದ್ದೇನೆ. ವಿವರಗಳ ಮಟ್ಟಿಗೆ ಅದರಲ್ಲಿ ಸತ್ಯಾಂಶವಿದೆ, ಬ್ಲೂ-ರೇಯಲ್ಲಿ ಕಾಣದ ಹೊಸ ವಸ್ತುವೊಂದು ಅಲ್ಲಿ ಥಟ್ಟನೆ ಕಾಣಿಸಿಕೊಳ್ಳುವುದಿಲ್ಲ. ಲಾಭವಿರುವುದು ಬೇರೆ ಕಡೆ. ಗ್ರೇನನ್ನು ಅದರ ಸಹಜ ರೂಪದಲ್ಲಿ ಹಿಡಿದಿಡಲು ಅಲ್ಟ್ರಾ ಎಚ್‌ಡಿ ಡಿಸ್ಕಿಗೆ ಹೆಚ್ಚು ಸ್ಥಳವಿದೆ, ಹೆಚ್ಚು ಛಾಯೆಗಳನ್ನು ಹಿಡಿಯುವ ಹತ್ತು ಬಿಟ್‌ಗಳ ಬಣ್ಣದಿಂದಾಗಿ ಓಟಿಸ್ ಅವರ ತಲೆಯ ಸುತ್ತಲಿನ ಬೆಳಕು ಮೆಟ್ಟಿಲು ಮೆಟ್ಟಿಲಾಗಿ ಒಡೆಯದೆ ನಯವಾಗಿ ಕರಗಬಲ್ಲದು, ಡಗ್ಗಾದ ಬದಿಯ ನೆರಳಿನಲ್ಲಿ ಅಡಗಿದ ಕೈಯ ಚಲನೆ ಇನ್ನಷ್ಟು ತೆರೆದುಕೊಳ್ಳಬಲ್ಲದು. ಬೆಳಕು-ನೆರಳಿನ ವ್ಯಾಪ್ತಿಯನ್ನು ಹಿಗ್ಗಿಸುವ ಎಚ್‌ಡಿಆರ್ ಬಳಸಿದರೆ ಸಂಯಮದಿಂದ ಬಳಸಬೇಕು; 1967ರ ಆ ಮೋಡದ ಮಧ್ಯಾಹ್ನವನ್ನು ಇಂದಿನ ಟಿವಿ ಅಂಗಡಿಯ ಪ್ರದರ್ಶನದಂತೆ ಹೊಳೆಯಿಸಿದರೆ, 2017ರಲ್ಲಿ ಗಳಿಸಿದ್ದೆಲ್ಲ ಕಳೆದುಹೋಗುತ್ತದೆ. ಪೆನ್ನೆಬೇಕರ್ 2019ರಲ್ಲಿ ತೀರಿಕೊಂಡಿರುವುದರಿಂದ ಇನ್ನು ಮುಂದೆ ಬಣ್ಣ ನಿರ್ಧರಿಸುವವರಿಗೆ ಅವರನ್ನು ಕೇಳುವ ಅವಕಾಶವಿಲ್ಲ, 2017ರ ಛಾಯೆಯನ್ನೇ ಆಧಾರವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಭಾರತದಲ್ಲಿರುವ ನಮಗೆ ಕಾಯಲು ಇನ್ನೊಂದು ಗಟ್ಟಿಯಾದ ಕಾರಣವಿದೆ. ಹಲವು ಬ್ಲೂ-ರೇಗಳಿಗೆ ವಲಯದ ಬೀಗವಿರುತ್ತದೆ. ನನ್ನಲ್ಲಿರುವ ಅಮೆರಿಕದ ಪ್ರತಿ ‘ಎ’ ವಲಯದ್ದು, ಭಾರತ ಸೇರಿರುವುದು ‘ಸಿ’ ವಲಯಕ್ಕೆ; ಆದ್ದರಿಂದ ಎಲ್ಲ ವಲಯಗಳನ್ನೂ ಓದುವ ಪ್ಲೇಯರ್ ಇಲ್ಲದವರು ಹಣ ಕೊಟ್ಟು ತರಿಸಿದರೂ ಅದು ಮನೆಯಲ್ಲಿ ಓಡುವುದಿಲ್ಲ. ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಈ ಬೀಗವೇ ಇಲ್ಲ. ಎಲ್ಲ ವಲಯಗಳ ಪ್ಲೇಯರ್ ಈಗಾಗಲೇ ಇರುವವರು 2017ರ ಬ್ಲೂ-ರೇಯನ್ನು ಹಿಂಜರಿಯದೆ ಕೊಳ್ಳಬಹುದು, ಸಿತಾರಿನ ಭಾಗಕ್ಕೆ ಸ್ಟೀರಿಯೊ ಆರಿಸಿಕೊಳ್ಳಬೇಕು ಎಂಬುದೊಂದೇ ನನ್ನ ಸಲಹೆ. 2009ರ ಪ್ರತಿ ಇರುವವರು ಅದನ್ನೇ ನೋಡುತ್ತ ಕಾಯಬಹುದು. ಸಾಮಾನ್ಯ ಪ್ಲೇಯರ್ ಮಾತ್ರ ಇರುವವರು ಸದ್ಯಕ್ಕೆ ಧ್ವನಿಮುದ್ರಿಕೆಯನ್ನು ತರಿಸಿಕೊಂಡು ಭೀಮ್‌ಪಲಾಸಿಯಿಂದ ಆರಂಭಿಸುವುದು ಒಳ್ಳೆಯದು.